ಟೈಟೇನಿಯಾ ಸೆಲ್‌ನಲ್ಲಿ ಚಾರ್ಜ್ ಎಲ್ಲಿ ಸೋರುತ್ತಿದೆ? ಬಲ್ಲವರು ಸ್ವಲ್ಪ ಹೇಳಿ

ಆಲೂರು ಹುಡುಗಿ
ಜುಲೈ 12, ರಾತ್ರಿ 10:20

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಎಂಎಸ್ಸಿ ಕೆಮಿಸ್ಟ್ರಿ ಓದುತ್ತಿದ್ದೇನೆ, ಕೊನೆ ವರ್ಷ. ಪ್ರಾಜೆಕ್ಟಿಗೆ ತೆಗೆದುಕೊಂಡಿದ್ದು ಟೈಟೇನಿಯಂ ಡೈಆಕ್ಸೈಡ್, ಅಂದರೆ ಟೈಟೇನಿಯಾ. ಪೇಂಟಿಗೆ, ಟೂತ್‌ಪೇಸ್ಟಿಗೆ ಹಾಕುತ್ತಾರಲ್ಲ, ಅದೇ ಬಿಳಿ ಪುಡಿ. ಅದನ್ನು ನ್ಯಾನೋ ಗಾತ್ರಕ್ಕೆ ತಂದು ಲಿಥಿಯಂ ಬ್ಯಾಟರಿಯ ಎಲೆಕ್ಟ್ರೋಡ್ ಮಾಡಿದರೆ ಹೇಗೆ ನಡೆಯುತ್ತದೆ ಅಂತ ನೋಡುವುದು ನನ್ನ ಕೆಲಸ.

ಮಾಡಿದ್ದು ಹೀಗೆ. ಟೈಟೇನಿಯಂ ಐಸೊಪ್ರೊಪಾಕ್ಸೈಡನ್ನು ಎಥನಾಲ್‌ನಲ್ಲಿ ಬೆರೆಸಿ ಹನಿ ಹನಿಯಾಗಿ ನೀರು ಬಿಟ್ಟೆ. ಜೆಲ್ ಆಯ್ತು. ಒಣಗಿಸಿ 450 ಡಿಗ್ರಿಯಲ್ಲಿ 3 ಗಂಟೆ ಸುಟ್ಟೆ. ಎಕ್ಸ್‌ಆರ್‌ಡಿ (ಹರಳು ಗುರುತಿಸುವ ಎಕ್ಸ್‌ರೇ ಪರೀಕ್ಷೆ) ತೆಗೆಸಿದರೆ 25.3 ಡಿಗ್ರಿಯಲ್ಲಿ ದೊಡ್ಡ ಪೀಕ್, ಅಂದರೆ ಅನಟೇಸ್ ಅನ್ನೋ ಹರಳು ರೂಪ. ಪೀಕ್ ಅಗಲದಿಂದ ಲೆಕ್ಕ ಹಾಕಿದರೆ 14 ನ್ಯಾನೋಮೀಟರ್. ಖುಷಿಯೋ ಖುಷಿ. ಆಮೇಲೆ 80 ಭಾಗ ಪುಡಿ, 10 ಭಾಗ ಕಾರ್ಬನ್ ಬ್ಲ್ಯಾಕ್, 10 ಭಾಗ ಪಿವಿಡಿಎಫ್ ಅಂಟು, ಮೂರನ್ನೂ ಎನ್‌ಎಂಪಿ ಅನ್ನೋ ದ್ರಾವಕ ಹಾಕಿ ಅರೆದು ತಾಮ್ರದ ಹಾಳೆ ಮೇಲೆ ಬಳಿದೆ.

ಗಾಳಿ, ತೇವ ತಾಗದ ಹಾಗೆ ಸೆಲ್ ಕಟ್ಟುವ ಗ್ಲೋವ್ ಬಾಕ್ಸ್ ನಮ್ಮಲ್ಲಿ ಇಲ್ಲ. ಹಾಗಾಗಿ ಬಿಲ್ಲೆ ಕತ್ತರಿಸಿ ಸ್ಟೀಲ್ ಟಿಫನ್ ಡಬ್ಬಿಯಲ್ಲಿಟ್ಟುಕೊಂಡು ಬೆಳಗಿನ ರೈಲಿಗೆ ಬೆಂಗಳೂರು. ಅಲ್ಲಿ ಪರಿಚಯದ ಅಕ್ಕನೊಬ್ಬರ ಲ್ಯಾಬಿನಲ್ಲಿ, ಎದುರಿಗೆ ಲಿಥಿಯಂ ಲೋಹ ಇಟ್ಟು ಕಾಯಿನ್ ಸೆಲ್ ಕಟ್ಟಿದೆವು. 3 ವೋಲ್ಟಿನಿಂದ 1 ವೋಲ್ಟಿನ ತನಕ ಓಡಿಸಿದೆವು.

ಮೊದಲ ಸಲ ಲಿಥಿಯಂ ಒಳಗೆ ಹೋಗಿದ್ದು ಗ್ರಾಂಗೆ 205 ಮಿಲಿಆಂಪ್ ಅವರ್. ವಾಪಸ್ ಬಂದಿದ್ದು 138. 67 ಎಲ್ಲಿ ಹೋಯ್ತು ಗೊತ್ತಿಲ್ಲ. 20 ಸುತ್ತು ಆಗುವಷ್ಟರಲ್ಲಿ 112ಕ್ಕೆ ಬಂತು. ಅದೂ 5 ಗಂಟೆಯ ನಿಧಾನದ ಚಾರ್ಜಿಗೆ. ಒಂದು ಗಂಟೆಯಲ್ಲಿ ಮುಗಿಸೋಣ ಅಂದರೆ 48. ಪುಸ್ತಕದಲ್ಲಿ 335 ಅಂತ ಇದೆ! ನಮ್ಮ ಸರ್ ಕೇಳಿದರೆ "ನಿನ್ನ ಕೈಯಲ್ಲೇ ಏನೋ ದೋಷ" ಅಂತಾರೆ. ಯಾವ ದೋಷ ಅಂತ ಹೇಳುವುದಿಲ್ಲ.

ಹಳೇ ಮೇಷ್ಟ್ರು
ಜುಲೈ 13, ಬೆಳಗ್ಗೆ 6:05

ಮೊದಲು ಆ 335 ಮರೆತುಬಿಡಮ್ಮ. ಒಂದು ಟೈಟೇನಿಯಂಗೆ ಒಂದು ಲಿಥಿಯಂ ಪೂರ್ತಿ ಸೇರಿದರೆ ಬರುವ ಕಾಗದದ ಲೆಕ್ಕ ಅದು. ಅನಟೇಸ್ ಸಾಮಾನ್ಯವಾಗಿ ಅರ್ಧಕ್ಕೇ ನಿಲ್ಲುತ್ತದೆ. ಎರಡು ಟೈಟೇನಿಯಂಗೆ ಒಂದು ಲಿಥಿಯಂ. ಅಷ್ಟಾದಾಗ ಹರಳಿನ ಚೌಕಟ್ಟೇ ಬದಲಾಗುತ್ತದೆ, ಮೊದಲಿದ್ದ ನಾಲ್ಕು ಮೂಲೆಯ ಅಂದ ಹೋಗಿ ಒಂದು ಪಕ್ಕಕ್ಕೆ ಎಳೆದ ಹಾಗಾಗುತ್ತದೆ. ಆ ಹೊಸ ರೂಪದೊಳಗೆ ಇನ್ನಷ್ಟು ಲಿಥಿಯಂ ನುಗ್ಗುವುದು ತುಂಬಾ ಕಷ್ಟ. ಹಾಗಾಗಿ ನಿನ್ನ ಗುರಿ 168. ಅದಕ್ಕೆ ಹೋಲಿಸಿದರೆ 138 ಏನೂ ಕೆಟ್ಟದ್ದಲ್ಲ.

ಅರ್ಧದ ಗಡಿ ದಾಟಿದವರಿಲ್ಲ ಅಂತಲ್ಲ. ನೆದರ್‌ಲೆಂಡ್ಸ್‌ನ ಡೆಲ್ಫ್ಟ್‌ನವರು 2007ರಲ್ಲಿ, ಕಣ 7 ನ್ಯಾನೋಮೀಟರ್‌ಗೆ ಇಳಿದರೆ ಪೂರ್ತಿ ತುಂಬುತ್ತದೆ ಅಂತ ತೋರಿಸಿದರು. ನಿನ್ನದು ಅದಕ್ಕಿಂತ ಎರಡು ಪಟ್ಟು ದಪ್ಪ. ಅದಿರಲಿ. ಕಳೆದುಹೋದ 67, ಮತ್ತೆ ಆ 48, ಅವೆರಡನ್ನು ಹುಡುಕಬೇಕು.

ಇನ್ವರ್ಟರ್ ಅಂಗಡಿ
ಜುಲೈ 13, ಬೆಳಗ್ಗೆ 9:30

ಓದಿದೆ. ನಾನು ಓದಿದವನಲ್ಲ, 22 ವರ್ಷದಿಂದ ಹಾಸನದಲ್ಲಿ ಬ್ಯಾಟರಿ ಮಾರುತ್ತೇನೆ, ರಿಪೇರಿ ಮಾಡುತ್ತೇನೆ. ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ ತಂಗಿ. ಈಗ ಬರುವ ಲಿಥಿಯಂ ಬ್ಯಾಟರಿಯಲ್ಲಿ ಗ್ರಾಫೈಟ್ ಇದೆ. ಅದು 372 ಕೊಡುತ್ತದಂತೆ. ಪೆನ್ಸಿಲ್ ಕಡ್ಡಿಯ ಮಸಿ. ಅದು ಬಿಟ್ಟು 168ಕ್ಕೆ ಇಷ್ಟು ಒದ್ದಾಡುವುದು ಯಾಕೆ?

ತೋಟದ ಮನೆ ಮೂಡಿಗೆರೆ
ಜುಲೈ 13, ಬೆಳಗ್ಗೆ 11:15

ಮಾರಾಯ್ರೆ, ನನ್ನದೂ ಒಂದು ದಡ್ಡ ಪ್ರಶ್ನೆ. ಬಿಳಿ ಪೇಂಟಿನಲ್ಲಿರುವುದೇ ಅದು ಅಂದಮೇಲೆ, ಪೇಂಟ್ ಅಂಗಡಿಯ ಪುಡಿ ತಂದು ಬಳಿದರೆ ಆಗುವುದಿಲ್ವಾ? ನ್ಯಾನೋ ಅಂತ ಯಾಕೆ ಅಷ್ಟು ರಗಳೆ?

ಇನ್ನೊಂದು. ನನ್ನ ಸೋಲಾರ್ ಬೇಲಿಗೆ ಎರಡು ವರ್ಷಕ್ಕೊಂದು ಬ್ಯಾಟರಿ ಹಾಕಿ ಸಾಕಾಗಿದೆ. ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲಿಲ್ಲ, ಬ್ಯಾಟರಿ ಪೂರ್ತಿ ಖಾಲಿ, ಆನೆಗೆ ಅದು ಹೇಗೋ ಗೊತ್ತಾಗಿಬಿಡುತ್ತದೆ. ಮೊನ್ನೆ ಬಾಳೆ ಎಲ್ಲ ಹೋಯ್ತು. ಈ ಬಿಳಿ ಪುಡಿ ಬ್ಯಾಟರಿ ಅಂಥದ್ದಕ್ಕೆ ಬರುತ್ತದಾ?

ಸಕಲೇಶಪುರ ಎಕ್ಸ್‌ಪ್ರೆಸ್
ಜುಲೈ 13, ಮಧ್ಯಾಹ್ನ 1:40

ಅಣ್ಣ ಇದು ದೊಡ್ಡ ವಿಷಯ! ಸಿಂಗಾಪುರದಲ್ಲಿ ಟೈಟೇನಿಯಂ ಡೈಆಕ್ಸೈಡ್ ನ್ಯಾನೋ ಕೊಳವೆ ಬ್ಯಾಟರಿ ಕಂಡುಹಿಡಿದಿದ್ದಾರೆ, 2 ನಿಮಿಷಕ್ಕೆ 70 ಪರ್ಸೆಂಟ್ ಚಾರ್ಜ್, 20 ವರ್ಷ ಬಾಳಿಕೆ. ಎಲ್ಲ ಫೋನಿಗೂ ಬರುತ್ತದೆ ಅಂತ ಓದಿದ್ದೆ. ಹಂಗಾದರೆ ಗ್ರಾಫೈಟ್ ಕಥೆ ಮುಗೀತು ಅಲ್ವಾ?

ಕೊಳವೆ ಕೆಲಸ
ಜುಲೈ 13, ರಾತ್ರಿ 9:50

ನಾನು ಚಿಕ್ಕಮಗಳೂರಿನವನು. ಪಿಎಚ್‌ಡಿಗೆ ಇದೇ ಕೊಳವೆಗಳ ಮೇಲೆ ಐದು ವರ್ಷ ಕೂತಿದ್ದೆ, ಅದಕ್ಕೇ ಈ ಹೆಸರು. ಒಬ್ಬೊಬ್ಬರಿಗೆ ಹೇಳುತ್ತೇನೆ.

ಎಕ್ಸ್‌ಪ್ರೆಸ್ ತಮ್ಮ, ನೀನು ಓದಿದ ಸುದ್ದಿ ನಿಜವೇ. ನಾನ್ಯಾಂಗ್ ವಿಶ್ವವಿದ್ಯಾಲಯದವರು 2014ರಲ್ಲಿ ಹೇಳಿದ್ದು. 10,000 ಸುತ್ತು ಅಂತಲೂ ಹೇಳಿದ್ದರು. ಲ್ಯಾಬಿನ ಕೆಲಸ ಚೆನ್ನಾಗಿಯೇ ಇತ್ತು. ಆದರೆ ನಿನ್ನ ಕೈಲಿರುವ ಫೋನಿನಲ್ಲಿ ಈಗ ಏನಿದೆ ನೋಡು. ಗ್ರಾಫೈಟ್. ವೇಗ ಒಂದೇ ಇದ್ದರೆ ಫೋನ್ ಆಗುವುದಿಲ್ಲ, ಒಂದು ದಿನಕ್ಕಾಗುವಷ್ಟು ಚಾರ್ಜ್ ಸಣ್ಣ ಜಾಗದಲ್ಲಿ ಹಿಡಿಯಬೇಕು. ಟೈಟೇನಿಯಾ ಸೋಲುವುದು ಅಲ್ಲೇ.

ತೋಟದವರೇ, ಪ್ರಶ್ನೆ ದಡ್ಡದಲ್ಲ. ಪೇಂಟಿನ ಪುಡಿಯ ಕಣ ಸುಮಾರು 200ರಿಂದ 300 ನ್ಯಾನೋಮೀಟರ್. ಬೆಳಕನ್ನು ಚೆನ್ನಾಗಿ ಚದುರಿಸಿ ಗೋಡೆ ಬೆಳ್ಳಗೆ ಕಾಣಲಿ ಅಂತ ಆ ಗಾತ್ರ. ಮೇಲೆ ಅಲ್ಯೂಮಿನಾ, ಸಿಲಿಕಾ ಲೇಪವನ್ನೂ ಕೊಟ್ಟಿರುತ್ತಾರೆ. ಜೊತೆಗೆ ಒಳ್ಳೆ ಪೇಂಟಿನಲ್ಲಿರುವುದು ರೂಟೈಲ್ ಅನ್ನೋ ಇನ್ನೊಂದು ರೂಪ. ದಪ್ಪ ಕಣದ ರೂಟೈಲ್‌ಗೆ ನಮ್ಮ ಕೋಣೆಯ ಉಷ್ಣತೆಯಲ್ಲಿ ಲಿಥಿಯಂ ಹೋಗುವುದೇ ಇಲ್ಲ ಅನ್ನಬಹುದು, ಹತ್ತರಲ್ಲಿ ಒಂದು ಭಾಗವೂ ಇಲ್ಲ. ಅದೇ ರೂಟೈಲನ್ನು ನ್ಯಾನೋ ಮಾಡಿದರೆ ಹತ್ತರಲ್ಲಿ ಎಂಟು ಭಾಗ ಹೋಯ್ತು, 2006ರಲ್ಲಿ ಜರ್ಮನಿಯವರು ತೋರಿಸಿದರು. ಪುಡಿ ಅದೇ, ಗಾತ್ರ ಮಾತ್ರ ಬೇರೆ.

ಯಾಕೆ ಹೀಗೆ ಅಂದರೆ, ಘನದೊಳಗೆ ಲಿಥಿಯಂ ನಡೆಯುವುದು ಬಲು ನಿಧಾನ. ಅದು ನಡೆಯಬೇಕಾದ ದೂರ ಹತ್ತು ಪಟ್ಟು ಕಡಿಮೆಯಾದರೆ ಸಮಯ ನೂರು ಪಟ್ಟು ಕಡಿಮೆ. ದೂರ ನೂರು ಪಟ್ಟು ಇಳಿದರೆ ಸಮಯ ಹತ್ತು ಸಾವಿರ ಪಟ್ಟು. ನ್ಯಾನೋ ಅಂತ ಎಲ್ಲರೂ ಕುಣಿಯುವುದು ಈ ಒಂದು ಲೆಕ್ಕಕ್ಕೆ.

ತೋಟದ ಮನೆ ಮೂಡಿಗೆರೆ
ಜುಲೈ 13, ರಾತ್ರಿ 10:10

ಹೋ, ಇದು ನಮ್ಮ ಕಾಫಿ ಒಣಗಿಸುವ ಕಣದ ಲೆಕ್ಕ ಆಯ್ತಲ್ಲ. ಇಡೀ ಚೆರ್ರಿ ಒಣಗಲು ಎಷ್ಟೊಂದು ದಿನ, ಸಿಪ್ಪೆ ತೆಗೆದ ಪಾರ್ಚ್‌ಮೆಂಟ್ ಬೇಗ. ಬೀಜ ಅದೇ, ನೀರು ಹೊರಗೆ ಬರಬೇಕಾದ ದಾರಿ ಕಮ್ಮಿ.

ಕೊಳವೆ ಕೆಲಸ
ಜುಲೈ 13, ರಾತ್ರಿ 10:25

ಹೌದು ಸರ್, ಅದೇ. ನಮ್ಮಲ್ಲಿ ಒಣಗುವುದರ ಜೊತೆಗೆ ಮತ್ತೆ ನೆನೆಯುವುದೂ ಇದೆ, ಸಾವಿರ ಸಲ.

ಈಗ ಆಲೂರಿನವರಿಗೆ. 14 ನ್ಯಾನೋಮೀಟರ್ ಅಂತ ಎಕ್ಸ್‌ಆರ್‌ಡಿ ಹೇಳಿದ್ದು ಒಂದೊಂದು ಹರಳಿನ ಗಾತ್ರ. ಆ ಹರಳುಗಳು ಒಂದಕ್ಕೊಂದು ಅಂಟಿಕೊಂಡು ಕಲ್ಲಾಗಿದ್ದರೂ ಎಕ್ಸ್‌ಆರ್‌ಡಿ 14 ಅಂತಲೇ ಹೇಳುತ್ತದೆ, ಅದಕ್ಕೆ ಮುದ್ದೆ ಕಾಣುವುದಿಲ್ಲ. ಎಸ್‌ಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ) ಚಿತ್ರ ಇದೆಯಾ? ಪುಡಿ ಮತ್ತು ಕಾರ್ಬನ್ ಎಷ್ಟು ಹೊತ್ತು ಅರೆದಿರಿ, ಯಾವುದರಲ್ಲಿ? ಬಿಲ್ಲೆ ಒಣಗಿಸಿದ್ದು ಎಷ್ಟು ಡಿಗ್ರಿ, ವ್ಯಾಕ್ಯೂಮ್ ಇತ್ತಾ? ತೂಕ ನೋಡಿದ್ದು ಯಾವ ತಕ್ಕಡಿಯಲ್ಲಿ? ಈ ನಾಲ್ಕು ಹೇಳಿದರೆ ಅರ್ಧ ಉತ್ತರ ಸಿಕ್ಕ ಹಾಗೆ.

ಆಲೂರು ಹುಡುಗಿ
ಜುಲೈ 14, ರಾತ್ರಿ 8:30

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಜನ ಉತ್ತರ ಕೊಡುತ್ತೀರಿ ಅಂತ ಅಂದುಕೊಂಡಿರಲಿಲ್ಲ.

ಎಸ್‌ಇಎಂ ಇದೆ. ಹೂಕೋಸಿನ ಹಾಗೆ ಗಡ್ಡೆ ಗಡ್ಡೆ. ಒಂದೊಂದು 5ರಿಂದ 10 ಮೈಕ್ರಾನ್, ಅಂದರೆ 5,000ದಿಂದ 10,000 ನ್ಯಾನೋಮೀಟರ್. ಚೆನ್ನಾಗಿದೆ ಅಂತ ಪೋಸ್ಟರಿಗೂ ಹಾಕಿದ್ದೆ, ಈಗ ನಾಚಿಕೆ ಆಗುತ್ತಿದೆ.

ಅರೆದಿದ್ದು ಅಗೇಟ್ ಖಲ್ಲಿನಲ್ಲಿ, ಕೈಯಲ್ಲೇ, 20 ನಿಮಿಷ. ಮೂರನ್ನೂ ಒಟ್ಟಿಗೆ ಹಾಕಿ ಎನ್‌ಎಂಪಿ ಸುರಿದೆ. ಒಣಗಿಸಿದ್ದು ಸಾಮಾನ್ಯ ಓವನ್‌ನಲ್ಲಿ 80 ಡಿಗ್ರಿ, ಒಂದು ರಾತ್ರಿ. ವ್ಯಾಕ್ಯೂಮ್ ಓವನ್ ಇದೆ, ಪಂಪ್ ಕೆಟ್ಟು ಒಂದು ವರ್ಷ ಆಯ್ತು. ತಕ್ಕಡಿ ನಾಲ್ಕು ದಶಾಂಶದ್ದು. ಬಿಲ್ಲೆ 16 ಮಿಲಿಮೀಟರ್, ಅದರ ಮೇಲೆ ಪುಡಿ ಸುಮಾರು 1.3 ಮಿಲಿಗ್ರಾಂ.

ಇನ್ನೊಂದು ಹೇಳಬೇಕು. ಡಬ್ಬಿಯಲ್ಲಿ ನೀಲಿ ಸಿಲಿಕಾ ಜೆಲ್ ಇಟ್ಟಿದ್ದೆ. ಅವತ್ತು ಹಾಸನದಲ್ಲಿ ಜಡಿಮಳೆ, ರೈಲಿನ ಕಿಟಕಿ ಮುಚ್ಚಿದರೂ ಒಳಗೆಲ್ಲ ಒದ್ದೆ. ಯಶವಂತಪುರದಲ್ಲಿ ಇಳಿದು ಡಬ್ಬಿ ತೆಗೆದು ನೋಡಿದರೆ ಜೆಲ್ ಎಲ್ಲ ಗುಲಾಬಿ.

ಕೊಳವೆ ಕೆಲಸ
ಜುಲೈ 14, ರಾತ್ರಿ 9:15

ನಿಮ್ಮ 67 ಸಿಕ್ಕಿತು. ಪೂರ್ತಿ ಅಲ್ಲ, ದೊಡ್ಡ ಪಾಲು.

ಟೈಟೇನಿಯಾದ ಮೇಲ್ಮೈಗೆ ನೀರು ಅಂದರೆ ಪ್ರಾಣ. ಕಣ ಸಣ್ಣದಾದಷ್ಟೂ ಮೇಲ್ಮೈ ಜಾಸ್ತಿ, ನೀರೂ ಜಾಸ್ತಿ. ಬರೀ ತೇವ ಆಗಿದ್ದರೆ 80 ಡಿಗ್ರಿಗೆ ಹೋಗುತ್ತಿತ್ತು. ಇದು ಆಕ್ಸೈಡಿಗೆ ಅಂಟಿಕೊಂಡೇ ಇರುತ್ತದೆ. ಮೊದಲ ಸಲ ಕರೆಂಟ್ ಹರಿದಾಗ ಲಿಥಿಯಂ ಆ ನೀರಿನ ಜೊತೆ ಸೇರಿ ಅಲ್ಲೇ ಕೂತುಬಿಡುತ್ತದೆ, ವಾಪಸ್ ಬರುವುದಿಲ್ಲ. ಜೊತೆಗೆ ಸೆಲ್ಲಿನೊಳಗಿನ ದ್ರವ ಎಲೆಕ್ಟ್ರೋಲೈಟ್‌ನಲ್ಲಿರುವ ಲಿಥಿಯಂ ಹೆಕ್ಸಾಫ್ಲೋರೋಫಾಸ್ಫೇಟ್ ನೀರು ಕಂಡರೆ ಹೈಡ್ರೋಫ್ಲೋರಿಕ್ ಆಮ್ಲ ಬಿಡುತ್ತದೆ. ಅದು ಎಲ್ಲವನ್ನೂ ತಿನ್ನುತ್ತದೆ. 120 ಡಿಗ್ರಿ, ವ್ಯಾಕ್ಯೂಮ್, ರಾತ್ರಿಯಿಡೀ. ಆಮೇಲೆ ಗಾಳಿ ಮುಟ್ಟಿಸದೆ ನೇರ ಗ್ಲೋವ್ ಬಾಕ್ಸಿಗೆ. ಇದು ಮಲೆನಾಡಿನ ಜುಲೈ, ರಾಜಸ್ಥಾನದವರು ಬರೆದ ವಿಧಾನ ಹಾಗೇ ಮಾಡಿದರೆ ಇಲ್ಲಿ ಆಗುವುದಿಲ್ಲ. ಬೆಂಗಳೂರಿನ ಲ್ಯಾಬಿನಲ್ಲೇ ಒಣಗಿಸಲು ಕೇಳಿ.

ತೂಕದ ವಿಷಯ. 16 ಮಿಲಿಮೀಟರ್ ಬಿಲ್ಲೆಯ ತಾಮ್ರ 10 ಮೈಕ್ರಾನ್ ದಪ್ಪ ಇದ್ದರೂ ಬರೀ ತಾಮ್ರವೇ ಸುಮಾರು 18 ಮಿಲಿಗ್ರಾಂ. ಅದರ ಮೇಲೆ ನಿಮ್ಮ 1.3. ಹಾಳೆ ಒಂದು ಕಡೆ ನೂರಕ್ಕೆ ಒಂದು ಭಾಗ ದಪ್ಪ ಇದ್ದರೂ ನಿಮ್ಮ ಲೆಕ್ಕ ನೂರಕ್ಕೆ ಹದಿನಾಲ್ಕು ತಪ್ಪುತ್ತದೆ. ಒಂದೇ ಸೆಲ್ ನೋಡಿ ಅಳಬೇಡಿ, ನಗಲೂ ಬೇಡಿ. ಮೂರಾದರೂ ಕಟ್ಟಿ.

48ರ ಕಾರಣ ಬೇರೆ. ಅದು ಗಡ್ಡೆ.

ಆಲೂರು ಹುಡುಗಿ
ಜುಲೈ 14, ರಾತ್ರಿ 10:40

ಗಡ್ಡೆ ಅಂದಾಗ ಒಂದು ನೆನಪಾಯ್ತು. ಹೋದ ವಾರ ಮನೆಗೆ ಹೋದಾಗ ಫೋನಿನಲ್ಲಿ ಬಳಿದ ಹಾಳೆಯ ಫೋಟೋ ನೋಡುತ್ತಿದ್ದೆ. ಬೂದು ಬಣ್ಣದ ಮೇಲೆ ಅಲ್ಲಲ್ಲಿ ಸಣ್ಣ ಬಿಳಿ ಚುಕ್ಕಿ. ಅಮ್ಮ ಹಿಂದಿನಿಂದ ಇಣುಕಿ, "ಏನೇ ಇದು, ಗಂಟು ಕಟ್ಟಿದ ಮುದ್ದೆ ಇದ್ದ ಹಾಗಿದೆ" ಅಂದರು. ಗಂಟು ಒಡೆದು ನೋಡಿದರೆ ಒಳಗೆ ಹಸಿ ಹಿಟ್ಟು ಹಾಗೇ ಇರುತ್ತಲ್ಲ, ನೀರು ಮುಟ್ಟಿರುವುದೇ ಇಲ್ಲ. ಅದೇನಾ?

ಕೊಳವೆ ಕೆಲಸ
ಜುಲೈ 14, ರಾತ್ರಿ 10:50

ನಿಮ್ಮ ಅಮ್ಮನನ್ನು ಗೈಡ್ ಮಾಡಿಕೊಳ್ಳಿ.

ಅದೇ ಕಣ್ರಿ. ಟೈಟೇನಿಯಾದಲ್ಲಿ ಎಲೆಕ್ಟ್ರಾನ್ ಓಡಾಡುವುದೂ ಕಷ್ಟ, ಅದು ಹೆಚ್ಚುಕಮ್ಮಿ ಕರೆಂಟ್ ಹರಿಯದ ವಸ್ತು. ಲಿಥಿಯಂ ಒಂದು ಕಡೆಯಿಂದ ಬಂದರೆ ಎಲೆಕ್ಟ್ರಾನ್ ಇನ್ನೊಂದು ಕಡೆಯಿಂದ ಬರಬೇಕು, ಎರಡೂ ಸೇರಿದ ಜಾಗದಲ್ಲಿ ಮಾತ್ರ ಕೆಲಸ. ಗಡ್ಡೆಯ ಹೊರಮೈಗೆ ಕಾರ್ಬನ್ ತಾಗಿದೆ, ಒಳಗೆ ಇಲ್ಲ. ನಿಧಾನಕ್ಕೆ ಓಡಿಸಿದರೆ ಹೇಗೋ ತಲುಪುತ್ತದೆ, ಅದಕ್ಕೇ 138. ಅವಸರ ಮಾಡಿದರೆ ಹೊರಗಿನ ಪದರ ಮಾತ್ರ, ಅದಕ್ಕೇ 48. ಹೆಸರಿಗೆ 14 ನ್ಯಾನೋಮೀಟರ್, ನಡೆ 10 ಮೈಕ್ರಾನಿನದು.

ಮುಂದಿನ ಸಲ ಆ ಸೆಲ್ಲನ್ನು 1 ವೋಲ್ಟಿಗೆ ಇಳಿಸಿ ಗ್ಲೋವ್ ಬಾಕ್ಸ್ ಒಳಗೇ ಬಿಚ್ಚಿ, ಬಿಳಿ ಚುಕ್ಕಿಗಳನ್ನು ಲೆನ್ಸ್ ಹಿಡಿದು ನೋಡಿ. ಲಿಥಿಯಂ ಹೋದ ಟೈಟೇನಿಯಾ ನೀಲಿ ಆಗುತ್ತದೆ. ನನ್ನ ಕೊಳವೆಗಳಲ್ಲಿ ಕಾರ್ಬನ್ ಇರುತ್ತಿರಲಿಲ್ಲ, ಹಾಗಾಗಿ ಕಣ್ಣಿಗೇ ಕಾಣುತ್ತಿತ್ತು. ಟೈಟೇನಿಯಂ ತಗಡನ್ನು ಎಥಿಲೀನ್ ಗ್ಲೈಕಾಲ್, ಅಮೋನಿಯಂ ಫ್ಲೋರೈಡ್, ಚೂರು ನೀರಿನಲ್ಲಿ ಮುಳುಗಿಸಿ 60 ವೋಲ್ಟ್ ಕೊಟ್ಟರೆ ತಗಡಿನ ಮೇಲೆ ಕೊಳವೆಗಳು ಒತ್ತಾಗಿ ನೆಟ್ಟಗೆ ಬೆಳೆಯುತ್ತವೆ, ಬತ್ತದ ಗದ್ದೆ ಮೇಲಿನಿಂದ ನೋಡಿದ ಹಾಗೆ. ಒಂದೊಂದು ಕೊಳವೆಯೂ ತಗಡಿಗೆ ನೇರ ಅಂಟಿರುವುದರಿಂದ ಎಲೆಕ್ಟ್ರಾನ್‌ಗೆ ದಾರಿ ಇದೆ, ನಡುವಿನ ಸಂದಿಯಲ್ಲಿ ಎಲೆಕ್ಟ್ರೋಲೈಟ್ ಇಳಿಯುತ್ತದೆ. ಒಣಗಿಸಿ ಸುಟ್ಟಾಗ ತಿಳಿ ಬೂದು. ಲಿಥಿಯಂ ತುಂಬುತ್ತಾ ಹೋದಂತೆ ಕಡು ನೀಲಿ, ವಾಪಸ್ ತೆಗೆದರೆ ಮತ್ತೆ ತಿಳಿ. ಮೊದಲ ದಿನ ನೋಡಿದಾಗ ಊಟ ಮರೆತು ಕೂತಿದ್ದೆ.

ಆದರೆ ಒಂದು ಸತ್ಯ ಹೇಳಿಬಿಡುತ್ತೇನೆ. ಕೊಳವೆ ಪೇಪರುಗಳಲ್ಲಿ ಗ್ರಾಂಗೆ ಇಷ್ಟು ಅಂತ ಬರೆಯುವಾಗ ಕೊಳವೆಯ ತೂಕ ಮಾತ್ರ ತೆಗೆದುಕೊಳ್ಳುತ್ತೇವೆ, ಕೆಳಗಿನ ತಗಡಿನದ್ದಲ್ಲ. ತಗಡೂ ಸೇರಿಸಿದರೆ ಅಂಕಿ ನೋಡಲಾಗುವುದಿಲ್ಲ. ನಾನೂ ಹಾಗೇ ಬರೆದವನು.

ಹಳೇ ಮೇಷ್ಟ್ರು
ಜುಲೈ 15, ಬೆಳಗ್ಗೆ 5:50

ಅಂಗಡಿಯವರ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಅದು ಒಳ್ಳೇ ಪ್ರಶ್ನೆ.

ಗ್ರಾಫೈಟ್‌ಗೆ ಲಿಥಿಯಂ ಸೇರುವುದು ಲಿಥಿಯಂ ಲೋಹಕ್ಕಿಂತ 0.1 ವೋಲ್ಟ್ ಮೇಲೆ. ಅಷ್ಟೇ ಅಂತರ. ಅವಸರವಾಗಿ ಚಾರ್ಜ್ ಮಾಡಿದರೆ ಆ ಗೆರೆ ದಾಟಿ ಲಿಥಿಯಂ ಲೋಹವೇ ಮೇಲೆ ಕೂರುತ್ತದೆ, ಮುಳ್ಳು ಮುಳ್ಳಾಗಿ ಬೆಳೆದು ನಡುವಿನ ಪರದೆ ತೂತು ಮಾಡಿದರೆ ಶಾರ್ಟ್, ಬೆಂಕಿ. ಅನಟೇಸ್ ಕೆಲಸ ಮಾಡುವುದು 1.75 ವೋಲ್ಟಿನಲ್ಲಿ. ಅಲ್ಲಿ ಲಿಥಿಯಂ ಲೋಹ ಕೂರುವ ಮಾತೇ ಇಲ್ಲ. ಎಲೆಕ್ಟ್ರೋಲೈಟ್ ಒಡೆದು ಗ್ರಾಫೈಟ್ ಮೇಲೆ ಪೊರೆ ಕಟ್ಟುತ್ತದಲ್ಲ, ಅದೂ ಇಲ್ಲಿ ಕಮ್ಮಿ. ಲಿಥಿಯಂ ತುಂಬಿದಾಗ ಗ್ರಾಫೈಟ್ ನೂರಕ್ಕೆ ಹತ್ತರಷ್ಟು ಉಬ್ಬುತ್ತದೆ, ಅನಟೇಸ್ ನಾಲ್ಕರಷ್ಟು. ಇನ್ನೊಂದು ಲಾಭ, ತಾಮ್ರದ ಹಾಳೆ ಬೇಕಿಲ್ಲ. ಕಡಿಮೆ ವೋಲ್ಟಿನಲ್ಲಿ ಅಲ್ಯೂಮಿನಿಯಂ ಲಿಥಿಯಂ ಜೊತೆ ಬೆರೆತು ಹಾಳಾಗುತ್ತದೆ, ಅದಕ್ಕೇ ಗ್ರಾಫೈಟ್‌ಗೆ ತಾಮ್ರ ಹಾಕುವುದು. 1 ವೋಲ್ಟಿನ ಮೇಲೆ ಆ ಕಾಟ ಇಲ್ಲ. ನೀನೂ ಅಲ್ಯೂಮಿನಿಯಂ ಹಾಳೆಗೆ ಬದಲಾಯಿಸು ಮಗಳೇ, ತೂಕದ ತಪ್ಪೂ ಕಮ್ಮಿಯಾಗುತ್ತದೆ.

ಇನ್ವರ್ಟರ್ ಅಂಗಡಿ
ಜುಲೈ 15, ಬೆಳಗ್ಗೆ 9:10

ಮೇಷ್ಟ್ರೇ ಅದು ಸರಿ. ಆದರೆ 1.75ರಲ್ಲಿ ಕೆಲಸ ಮಾಡಿದರೆ ಸೆಲ್ ವೋಲ್ಟೇಜ್ ಅಷ್ಟು ಬಿತ್ತು ಅಂತ ತಾನೆ ಅರ್ಥ? ಎದುರಿಗೆ ಐರನ್ ಫಾಸ್ಫೇಟ್ ಹಾಕಿದರೆ 3.4ರಲ್ಲಿ 1.75 ಕಳೆದು 1.65. ಗ್ರಾಫೈಟ್ ಜೊತೆ ಅದೇ ಸೆಲ್ 3.2 ಕೊಡುತ್ತದೆ. 12 ವೋಲ್ಟಿಗೆ ನಾನು ಈಗ ನಾಲ್ಕು ಸೆಲ್ ಹಾಕುತ್ತೇನೆ, ಲೆಡ್ ಆ್ಯಸಿಡ್ ಆದರೆ ಆರು. ನಿಮ್ಮದಕ್ಕೆ ಏಳೆಂಟು ಬೇಕು. ಸೆಲ್ ಜಾಸ್ತಿ ಅಂದರೆ ಜಾಯಿಂಟ್ ಜಾಸ್ತಿ, ಜಾಯಿಂಟ್ ಜಾಸ್ತಿ ಅಂದರೆ ನನಗೆ ರಿಪೇರಿ ಜಾಸ್ತಿ. ನನಗೇನೋ ಒಳ್ಳೇದೇ, ಗಿರಾಕಿಗೆ ಅಲ್ಲ.

ಹಳೇ ಮೇಷ್ಟ್ರು
ಜುಲೈ 15, ಬೆಳಗ್ಗೆ 10:00

ಲೆಕ್ಕ ಸರಿಯಾಗಿದೆ, ತಕರಾರಿಲ್ಲ. ಆದರೆ ಯಾವ ಕೆಲಸಕ್ಕೆ ಅಂತ ನೋಡಬೇಕು. ಸಾಲಗಾಮೆ ರಸ್ತೆಯ ಇಸ್ರೋ ಕೇಂದ್ರ ಎಂಸಿಎಫ್‌ನವರು ನೋಡಿಕೊಳ್ಳುವ ಉಪಗ್ರಹ ಆದರೆ ಒಂದೊಂದು ಗ್ರಾಮೂ ಲೆಕ್ಕ. ಬೇಲಿಯ ಪೆಟ್ಟಿಗೆ ನೆಲದ ಮೇಲೆ ಕೂತಿರುತ್ತದೆ. ಅದು ಎರಡು ಕಿಲೋ ಜಾಸ್ತಿ ತೂಗಿದರೆ ಆನೆಗೇನು, ತೋಟದವರಿಗೇನು?

ಈ ಜಾತಿಯದ್ದು ಮಾರುಕಟ್ಟೆಯಲ್ಲಿ ಇಲ್ಲ ಅಂತಲೂ ತಿಳಿಯಬೇಡಿ. ಲಿಥಿಯಂ ಟೈಟನೇಟ್, ಎಲ್‌ಟಿಒ ಅಂತಾರಲ್ಲ, ಅದು ಇದರ ದಾಯಾದಿ. ಇದೇ ಟೈಟೇನಿಯಂ ಡೈಆಕ್ಸೈಡನ್ನು ಲಿಥಿಯಂ ಕಾರ್ಬೊನೇಟ್ ಜೊತೆ ಸೇರಿಸಿ 800 ಡಿಗ್ರಿ ಮೇಲೆ ಸುಟ್ಟು ಮಾಡುತ್ತಾರೆ. 1.55 ವೋಲ್ಟ್, ಗ್ರಾಂಗೆ 175. ಲಿಥಿಯಂ ಹೋಗಿ ಬಂದರೂ ಗಾತ್ರ ಬದಲಾಗುವುದೇ ಇಲ್ಲ ಅನ್ನಬಹುದು. ತೋಶಿಬಾದವರು 2008ರಿಂದ ಅದರ ಸೆಲ್ ಮಾರುತ್ತಿದ್ದಾರೆ. ಅಂಗಡಿಗೆ ಬಂದಿರಬೇಕಲ್ಲ?

ಇನ್ವರ್ಟರ್ ಅಂಗಡಿ
ಜುಲೈ 15, ಬೆಳಗ್ಗೆ 10:20

ಎಲ್‌ಟಿಒ ಒಂದು ಸಲ ಬಂದಿತ್ತು, ಸೆಲ್ 2.4 ವೋಲ್ಟ್ ಅಂತ ಬರೆದಿತ್ತು. ಹಳೇ ಸೆಲ್ಲೇ, ಆದರೂ ಗಟ್ಟಿ ಇತ್ತು. ರೇಟ್ ಕೇಳಿ ಗಿರಾಕಿ ಓಡಿದರು.

ಸಕಲೇಶಪುರ ಎಕ್ಸ್‌ಪ್ರೆಸ್
ಜುಲೈ 15, ಮಧ್ಯಾಹ್ನ 12:30

ಎಲ್‌ಟಿಒ ಆಗಲೇ ಇದೆ ಅಂದಮೇಲೆ ಅನಟೇಸ್ ಯಾಕೆ ಮತ್ತೆ?

ಕೊಳವೆ ಕೆಲಸ
ಜುಲೈ 15, ರಾತ್ರಿ 9:00

ಎಲ್‌ಟಿಒ 175ರ ಮೇಲೆ ಹೋಗುವ ಹಾಗಿಲ್ಲ, ಬಾಗಿಲು ಮುಚ್ಚಿದೆ. ಟೈಟೇನಿಯಾದಲ್ಲಿ ಮೇಲೆ 335ರ ತನಕ ಜಾಗ ಇದೆ, ಅಲ್ಲಿಗೆ ಹೋಗುವ ದಾರಿ ಹುಡುಕಬೇಕು ಅಷ್ಟೆ. ಅನಟೇಸ್ ಒಂದೇ ರೂಪ ಅಲ್ಲ. ಬಿ ರೂಪ ಅಂತ ಇದೆ, ಬಿ ಅಂದರೆ ಬ್ರಾಂಜ್, ಫ್ರಾನ್ಸಿನವರು 1980ರಲ್ಲಿ ಮಾಡಿದ್ದು. ಹರಳು ಸ್ವಲ್ಪ ಸಡಿಲ, ಒಳಗೆ ಉದ್ದಕ್ಕೂ ಓಣಿ ಇದ್ದ ಹಾಗಿರುತ್ತದೆ, ಲಿಥಿಯಂ ಸಲೀಸಾಗಿ ಓಡಾಡುತ್ತದೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಿ ಪೀಟರ್ ಬ್ರೂಸ್ ಅವರ ತಂಡ 2004-05ರಲ್ಲಿ ಅದರ ನ್ಯಾನೋ ತಂತಿ ಮಾಡಿ 305ರ ತನಕ ತೋರಿಸಿತು. ಮಾಡುವುದೂ ಭಯಂಕರ ದುಬಾರಿ ಏನಲ್ಲ. ಗಟ್ಟಿ ಕಾಸ್ಟಿಕ್ ಸೋಡಾ ನೀರಿನಲ್ಲಿ ಬಿಳಿ ಪುಡಿ ಹಾಕಿ ಮುಚ್ಚಿದ ಉಕ್ಕಿನ ಪಾತ್ರೆಯಲ್ಲಿ ಬೇಯಿಸುವುದು, ಆಮ್ಲದಲ್ಲಿ ತೊಳೆಯುವುದು, 400 ಡಿಗ್ರಿಯಲ್ಲಿ ಸುಡುವುದು. ಈ ಕಾಸ್ಟಿಕ್ ಸೋಡಾ ದಾರಿ ಮೊದಲು ತೋರಿಸಿದ್ದು ಜಪಾನಿನ ಕಸುಗಾ, 1998ರಲ್ಲಿ. ಅವರಿಗೆ ಬಂದಿದ್ದು ಸಣ್ಣ ಸಣ್ಣ ಕೊಳವೆ.

ಕಷ್ಟ ಬೇರೆ ಕಡೆ ಇದೆ. ನ್ಯಾನೋ ಪುಡಿ ಅರಳಿನ ಹಾಗೆ, ಒಂದು ಡಬ್ಬಿ ತುಂಬಿದರೂ ತೂಕ ಇಲ್ಲ. ಅದೇ ಜಾಗದಲ್ಲಿ ಗ್ರಾಫೈಟ್ ಎಷ್ಟೋ ಜಾಸ್ತಿ ಹಿಡಿಯುತ್ತದೆ. ಮೇಲ್ಮೈ ಜಾಸ್ತಿ ಅಂದರೆ ನೀರು ಜಾಸ್ತಿ, ಅಂಟೂ ಜಾಸ್ತಿ ಬೇಕು. ಈ ಮಾತು ಪೇಪರಿನ ಕೊನೆ ಪುಟದಲ್ಲಿ ಒಂದು ಸಾಲು ಇರುತ್ತದೆ, ಇದ್ದರೆ.

ನುಗ್ಗೇಹಳ್ಳಿಯವ
ಜುಲೈ 16, ಸಂಜೆ 6:30

ನಾನು ಬ್ಯಾಟರಿಯವನಲ್ಲ. ಆದರೆ ನಮ್ಮ ಕಡೆ ತಗಡೂರಿನ ಹತ್ತಿರ ಕಪ್ಪು ಕಲ್ಲು ಸಿಗುತ್ತದೆ, ಅಯಸ್ಕಾಂತ ಹಿಡಿದರೆ ಟಪ್ ಅಂತ ಅಂಟುತ್ತದೆ. ಅದರಲ್ಲಿ ಟೈಟೇನಿಯಂ ಇದೆ ಅಂತ ಭೂವಿಜ್ಞಾನದವರು ಹೇಳಿದ್ದರು. ಹಾಗಾದರೆ ಚನ್ನರಾಯಪಟ್ಟಣ ತಾಲೂಕೇ ಬ್ಯಾಟರಿ ಫ್ಯಾಕ್ಟರಿ ಆಗಬಹುದಾ?

ಹಳೇ ಮೇಷ್ಟ್ರು
ಜುಲೈ 16, ರಾತ್ರಿ 7:45

ಇದೆ, ನಿಜ. ಬೈರಾಪುರದ ಕ್ರೋಮೈಟ್ ಗಣಿ ಇರುವ ಪಟ್ಟಿಯಲ್ಲೇ ಟೈಟೇನಿಯಂ ಬೆರೆತ ಮ್ಯಾಗ್ನೆಟೈಟ್ ಕೂಡ ಇದೆ. ಆದರೆ ಅಲ್ಲಿ ಟೈಟೇನಿಯಂ ಕಬ್ಬಿಣದ ಜೊತೆ ಹೆಣೆದುಕೊಂಡಿದೆ, ಬಿಡಿಸುವುದು ಸುಲಭ ಅಲ್ಲ. ಕೇರಳದ ಚವರ ಕಡಲ ತೀರದಲ್ಲಿ ಇಲ್ಮನೈಟ್ ಮರಳಾಗಿಯೇ ಬಿದ್ದಿದೆ. ಅದರಿಂದ ತಿರುವನಂತಪುರದ ಟ್ರಾವಂಕೂರ್ ಟೈಟೇನಿಯಂ ಗಂಧಕಾಮ್ಲದ ದಾರಿಯಲ್ಲಿ ಅನಟೇಸ್ ಮಾಡುತ್ತದೆ. ನಿಮ್ಮ ಕಲ್ಲು ಸದ್ಯಕ್ಕೆ ಮಕ್ಕಳಿಗೆ ಅಯಸ್ಕಾಂತ ತೋರಿಸಲು ಇರಲಿ. ಮಂಡ್ಯದ ಮರ್ಲಗಲ್ಲದಲ್ಲಿ ಲಿಥಿಯಂ ಸಿಕ್ಕಿತು ಅಂದಾಗಲೂ 14,100 ಟನ್ ಅಂತ ಪೇಪರಿನವರು ಕುಣಿದರು, ಆಮೇಲೆ ಅದು 1,600 ಟನ್ ಅಂತ ಆಯ್ತು.

ಅಂದಹಾಗೆ ಮಗಳೇ, ಆ ಪುಡಿ ಅರೆಯುವಾಗ ಮಾಸ್ಕ್ ಹಾಕಿಕೋ. ಚರ್ಮಕ್ಕೆ ತಾಗಿದರೆ ಏನಿಲ್ಲ, ಉಸಿರಿನಲ್ಲಿ ಹೋದರೆ ಒಳ್ಳೇದಲ್ಲ. ಕ್ಯಾನ್ಸರ್ ತರಬಹುದಾದವು ಅನ್ನುವ 2ಬಿ ಪಟ್ಟಿಯಲ್ಲಿ ಅದನ್ನು ಸೇರಿಸಿದ್ದಾರೆ. ತಿನ್ನುವ ಪದಾರ್ಥಕ್ಕೆ ಹಾಕುವುದನ್ನು ಯುರೋಪಿನಲ್ಲಿ 2022ರಲ್ಲಿ ನಿಲ್ಲಿಸಿದರು.

ಆಲೂರು ಹುಡುಗಿ
ಅಕ್ಟೋಬರ್ 3, ರಾತ್ರಿ 11:10

ಎರಡೂವರೆ ತಿಂಗಳಾಯ್ತು, ಕ್ಷಮಿಸಿ. ಮಧ್ಯೆ ಪರೀಕ್ಷೆ ಇತ್ತು.

ಹಳೇ ಸೆಲ್ ಒಂದನ್ನು ವೇಗವಾಗಿ 1 ವೋಲ್ಟಿಗೆ ಇಳಿಸಿ ಗ್ಲೋವ್ ಬಾಕ್ಸಿನಲ್ಲಿ ಬಿಚ್ಚಿದೆವು. ಲೆನ್ಸ್ ಹಿಡಿದಿದ್ದು ಆ ಅಕ್ಕ, ದಪ್ಪ ಗ್ಲೋವ್‌ನಲ್ಲಿ ಚಿಮಟ ಹಿಡಿದು ನನ್ನ ಕೈ ನಡುಗುತ್ತಿತ್ತು. ಒಂದು ದೊಡ್ಡ ಬಿಳಿ ಚುಕ್ಕಿ ಸಿಕ್ಕಿತು. ಅಂಚಿನಲ್ಲಿ ಸುತ್ತಲೂ ನೀಲಿ ಗೆರೆ, ಶಾಯಿ ಹರಡಿದ ಹಾಗೆ. ನಡುವೆ ಬಿಳಿ. ಗಂಟಿನೊಳಗಿನ ಹಸಿ ಹಿಟ್ಟು! ಫೋಟೋ ತೆಗೆಯೋಣ ಅಂತ ಹೊರಗೆ ತಂದೆವು, ಗಾಳಿಗೆ ನೀಲಿ ಸ್ವಲ್ಪ ಹೊತ್ತಿಗೆ ಮಾಸಿಯೇ ಹೋಯ್ತು.

ಹೊಸದಾಗಿ ಮಾಡಿದ್ದು: 450 ಬದಲು 400 ಡಿಗ್ರಿ. ಪುಡಿ ಮತ್ತು ಕಾರ್ಬನ್ ಎರಡನ್ನೇ ಮೊದಲು ಎಥನಾಲ್ ಹಾಕಿ ಬಾಲ್ ಮಿಲ್‌ನಲ್ಲಿ 6 ಗಂಟೆ. ಅಂಟನ್ನು ಬೇರೆ ಕರಗಿಸಿ ಆಮೇಲೆ ಸ್ವಲ್ಪ ಸ್ವಲ್ಪವಾಗಿ ಸೇರಿಸಿದೆ. ಅಮ್ಮ ಮುದ್ದೆಗೆ ಹಿಟ್ಟು ಬಿಡುವುದು ಹಾಗೆಯೇ. ಅಲ್ಯೂಮಿನಿಯಂ ಹಾಳೆ. ಬೆಂಗಳೂರಿನಲ್ಲೇ 120 ಡಿಗ್ರಿ ವ್ಯಾಕ್ಯೂಮ್, ಎರಡು ರಾತ್ರಿ. ಬಿಳಿ ಚುಕ್ಕಿ ಒಂದೂ ಕಾಣಲಿಲ್ಲ.

ಮೂರು ಸೆಲ್‌ನ ಸರಾಸರಿ: ಮೊದಲ ಸಲ ಒಳಗೆ 190, ವಾಪಸ್ 163. 50 ಸುತ್ತು ಆದಮೇಲೆ 154. ಒಂದು ಗಂಟೆಯ ಚಾರ್ಜಿಗೆ 118. ಮೊದಲು 48 ಇದ್ದಿದ್ದು!

ನಮ್ಮ ಸರ್ ಗ್ರಾಫ್ ನೋಡಿ "ಹ್ಞೂಂ" ಅಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಕೊಳವೆ ಕೆಲಸ
ಅಕ್ಟೋಬರ್ 4, ಬೆಳಗ್ಗೆ 7:20

ಭೇಷ್! ನೀಲಿ ಗೆರೆ ನೋಡಿದಿರಲ್ಲ, ಅಷ್ಟು ಸಾಕು. ಇನ್ನೂ 27 ಕಳೆದುಹೋಗುತ್ತಿದೆ, ಅದು ಪೂರ್ತಿ ಸೊನ್ನೆ ಆಗುವುದು ಕಷ್ಟ. ಸಮಯ ಇದ್ದರೆ ಪುಡಿಗೆ ಗ್ಲೂಕೋಸ್ ನೀರು ಹಚ್ಚಿ ಒಣಗಿಸಿ ಆರ್ಗಾನ್‌ನಲ್ಲಿ ಸುಟ್ಟು ನೋಡಿ. ಕಣದ ಮೇಲೆ ತೆಳುವಾಗಿ ಕಾರ್ಬನ್ ಪದರ ಕೂರುತ್ತದೆ, 118 ಇನ್ನೂ ಮೇಲೆ ಹೋಗಬಹುದು. ಆರ್ಗಾನ್ ಬದಲು ಗಾಳಿಯಲ್ಲಿ ಸುಟ್ಟರೆ ಸಕ್ಕರೆಯೂ ಹೋಯ್ತು ಕಾರ್ಬನ್ನೂ ಹೋಯ್ತು, ನೆನಪಿರಲಿ.

ಇನ್ವರ್ಟರ್ ಅಂಗಡಿ
ಅಕ್ಟೋಬರ್ 4, ಬೆಳಗ್ಗೆ 9:40

ತಂಗಿ, ಸಾವಿರ ಸುತ್ತು ಓಡಿಸಿದ ಗ್ರಾಫ್ ತಂದು ತೋರಿಸು. 154 ಅಲ್ಲ, 100 ನಿಂತರೂ ಸರಿ, ನಿಲ್ಲಬೇಕು. ಆಗ ನಾನೂ ಕೂತು ಮಾತಾಡುತ್ತೇನೆ.

ತೋಟದ ಮನೆ ಮೂಡಿಗೆರೆ
ಅಕ್ಟೋಬರ್ 4, ಮಧ್ಯಾಹ್ನ 2:15

1.3 ಮಿಲಿಗ್ರಾಂ ಅಂದಿರಲ್ಲ. ನನ್ನ ಬೇಲಿಗೆ ಅಂಥದ್ದು ಎಷ್ಟು ಬಿಲ್ಲೆ ಬೇಕಾಗುತ್ತದೆ?

ಆಲೂರು ಹುಡುಗಿ
ಅಕ್ಟೋಬರ್ 4, ರಾತ್ರಿ 9:30

ಅಂಕಲ್, ಲೆಕ್ಕ ಹಾಕಿ ನೋಡಿದೆ. ಒಂದು ಬಿಲ್ಲೆಯಲ್ಲಿ ಹಿಡಿಯುವುದು ಸುಮಾರು 0.2 ಮಿಲಿಆಂಪ್ ಅವರ್. ನಿಮ್ಮ ಈಗಿನ ಬ್ಯಾಟರಿ 40 ಆಂಪ್ ಅವರ್ ಇದ್ದರೆ ಒಂದು ಸೆಲ್ಲಿಗೇ 2 ಲಕ್ಷ ಬಿಲ್ಲೆ, ಅಂಥ ಏಳೆಂಟು ಸೆಲ್. ಈ ಸಲದ ಬಾಳೆಗಂತೂ ಆಗುವುದಿಲ್ಲ.